ಟಿಶ್ಯೂವೋ ಮರಳೋ ಎಂದು ಕೇಳುವ ಮೊದಲು

“ಕಾಫಿ ಬೀಜಕ್ಕೆ ಮನೆಯಲ್ಲೇ ಮೊಳಕೆ ಬರಿಸಬೇಕು. ಒದ್ದೆ ಟಿಶ್ಯೂ ಪೇಪರಿನಲ್ಲಿಟ್ಟರೆ ಬೇಗ ಬರುತ್ತದೆಯೋ, ನೀರಿನ ಲೋಟದಲ್ಲೋ, ನೇರ ಮಣ್ಣಿನಲ್ಲೋ?”

ಕೊಡಗಿನಲ್ಲಿ ತೋಟವಿದೆ, ಪ್ರತಿ ವರ್ಷ ಸಸಿ ಎಬ್ಬಿಸುತ್ತೇನೆ ಎಂದು ಗೊತ್ತಾದ ಕೂಡಲೇ ಈ ಪ್ರಶ್ನೆ ಬರುತ್ತದೆ. ಮಡಿಕೇರಿ ಬಸ್ಸಿನಲ್ಲಿ ಕೇಳಿದ್ದಾರೆ, ಬ್ಯಾಂಕಿನ ಸಾಲಿನಲ್ಲಿ ಕೇಳಿದ್ದಾರೆ, ಸಾವಿನ ಮನೆಯ ಅಂಗಳದಲ್ಲೂ ಕೇಳಿದ್ದಾರೆ. ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳುಹಿಸುತ್ತೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಾದರೆ ಮರಳಿನ ತಟ್ಟೆ, ತೋಟದಲ್ಲಾದರೆ ಏರುಮಡಿ. ನೀರಿನ ಲೋಟ ಒಂದು ರಾತ್ರಿಗೆ ಮಾತ್ರ. ಟಿಶ್ಯೂ ಪೇಪರ್ ಬೀಜಕ್ಕೆ ಜೀವವಿದೆಯೇ ಎಂದು ಪರೀಕ್ಷಿಸುವುದಕ್ಕೆ ಸರಿ, ಸಸಿ ಮಾಡುವುದಕ್ಕಲ್ಲ. ಇಷ್ಟು ಸಾಕಾದವರು ಇಲ್ಲಿಗೇ ನಿಲ್ಲಿಸಬಹುದು.

ನನಗೆ ಸಿಟ್ಟು ಬರಿಸುವುದು ಪ್ರಶ್ನೆಯೊಳಗಿನ ಆ “ಬೇಗ”. “ಮೂರೇ ದಿನದಲ್ಲಿ ಬಾಲ ಬರುತ್ತದಂತಲ್ಲ” ಎನ್ನುತ್ತಾರೆ. ಯಾವುದರ ಬಾಲ? ಜನ ನನಗೆ ತೋರಿಸುವ ವಿಡಿಯೊಗಳಲ್ಲಿ ಎಷ್ಟೋ ಹೊರದೇಶದಲ್ಲಿ ಗಾಂಜಾ ಬೀಜಕ್ಕಾಗಿ ಮಾಡಿದವು. ಕೆನಡಾದಲ್ಲಿ 2018ರಿಂದ ಅದಕ್ಕೆ ಕಾನೂನಿನ ಒಪ್ಪಿಗೆ ಇದೆ. ನಮ್ಮಲ್ಲಿ 1985ರ ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯಂತೆ ಆ ಗಿಡ ಬೆಳೆಸಿದರೆ ಹತ್ತು ವರ್ಷದವರೆಗೆ ಕಠಿಣ ಸಜೆಯಾಗಬಹುದು, ಒಂದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಕಾಫಿ ಬೆಳೆಯುವ ನನ್ನ ಬಳಿ ಅದರ ವಿಚಾರ ಕೇಳಬೇಡಿ. ಆದರೆ ಆ ಬೀಜಕ್ಕೆ ಟಿಶ್ಯೂ ಯಾಕೆ ಸಾಕಾಗುತ್ತದೆ ಎಂದು ತಿಳಿದರೆ ಕಾಫಿಗೆ ಯಾಕೆ ಸಾಲದು ಎಂಬುದೂ ತಿಳಿಯುತ್ತದೆ. ಅದು ತೆಳು ಚಿಪ್ಪಿನ ಬೀಜ. ಒಳಗೆ ಬಹುಪಾಲು ಭ್ರೂಣವೇ ತುಂಬಿಕೊಂಡಿರುತ್ತದೆ. ನೀರು ಕುಡಿದು ಚಿಪ್ಪು ಬಿರಿದರೆ ಕೆಲವೇ ದಿನದಲ್ಲಿ ಬೇರು ಹೊರಗೆ. ಬೂಷ್ಟು ಹಿಡಿಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಕಾಫಿ ಬೀಜವನ್ನು ಒಮ್ಮೆ ಅಡ್ಡಡ್ಡ ಸೀಳಿ ನೋಡಿ. ಪೂರ್ತಿ ಗಟ್ಟಿ ತಿರುಳು. ಅದರ ಒಂದು ತುದಿಯಲ್ಲಿ ಮೂರು ನಾಲ್ಕು ಮಿಲಿಮೀಟರ್ ಉದ್ದದ ಭ್ರೂಣ ಹುದುಗಿಕೊಂಡಿದೆ. ಆ ಗಟ್ಟಿ ತಿರುಳು ಮೆತ್ತಗಾಗಬೇಕು, ಭ್ರೂಣ ಒಳಗೇ ಬೆಳೆಯಬೇಕು, ಆಮೇಲೆ ಬೇರು. ಡಿಸೆಂಬರ್ ಜನವರಿಯಲ್ಲಿ ಬಿತ್ತಿದರೆ ನಮ್ಮ ಚಳಿಗೆ ಸುಮಾರು 45 ದಿನ ಬೇಕು. 28ರಿಂದ 30 ಡಿಗ್ರಿ ಬೆಚ್ಚಗಿದ್ದರೆ ಬೇಗ, ಬೀಜಕ್ಕೆ ಅಂಟಿದ ಪಾರ್ಚ್‌ಮೆಂಟ್ ಎಂಬ ಒಣ ಸಿಪ್ಪೆ ಸುಲಿದರೆ ಇನ್ನೂ ಸ್ವಲ್ಪ ಬೇಗ. ಆದರೆ ಸುಲಿದ ಬೀಜಕ್ಕೆ ಬೂಷ್ಟೂ ಬೇಗ ಹಿಡಿಯುತ್ತದೆ. ಇಷ್ಟು ದಿನ ಒದ್ದೆ ಕಾಗದವನ್ನು ಮುಚ್ಚಿದ ಕವರಿನೊಳಗೆ ಇಟ್ಟರೆ ಏನಾಗುತ್ತದೆ ಎಂದು ಅಡುಗೆಮನೆ ನೋಡಿಕೊಂಡ ಯಾರಿಗಾದರೂ ಗೊತ್ತು.

ವಿರಾಜಪೇಟೆಯಲ್ಲಿ ಒಂದು ಮದುವೆ. ಎಲೆಗೆ ಕಡಂಬುಟ್ಟು ಬೀಳುವ ಮೊದಲೇ ಪಕ್ಕದಲ್ಲಿ ಕುಳಿತ ಹುಡುಗ ಮೊಬೈಲ್ ಮುಂದೆ ಹಿಡಿದ. ಹೆಣ್ಣಿನ ಕಡೆಯವರ ನೆಂಟ, ಬೆಂಗಳೂರಿನಲ್ಲಿ ಕೆಲಸ. “ಅಂಕಲ್, ಒಂದೂ ಬರಲಿಲ್ಲ. ಟಿಶ್ಯೂ ಸರಿಯಿಲ್ಲವೋ ಏನೋ. ಯಾವ ಕಂಪನಿಯದು ತರಲಿ?” ಚಿತ್ರದಲ್ಲಿ ಬೂದು ಬಣ್ಣದ ಬೂಷ್ಟಿನ ನಡುವೆ ನೀಲಿ ಛಾಯೆಯ ಹಸಿರು ಬೀಜಗಳು. ಒಂದಕ್ಕೂ ಪಾರ್ಚ್‌ಮೆಂಟ್ ಇಲ್ಲ, ಮೈಯೆಲ್ಲ ನುಣುಪು. ಎಲ್ಲಿಂದ ತಂದೆ ಎಂದು ಕೇಳಿದೆ. ಹುರಿಯದ ಕಾಫಿ ಬೀಜವೆಂದು ಅಂಗಡಿಯಲ್ಲಿ ಕೊಂಡದ್ದಂತೆ. “ಫ್ರೆಶ್ ಇತ್ತು ಅಂಕಲ್, ಪ್ಯಾಕೆಟ್ ಒಡೆದೇ ಇರಲಿಲ್ಲ” ಎಂದ.

ಕಣದಲ್ಲಿ ಬಿಸಿಲಿಗೆ ಒಣಗಿ, ಕ್ಯೂರಿಂಗ್ ವರ್ಕ್ಸ್‌ನ ಯಂತ್ರದಲ್ಲಿ ಸಿಪ್ಪೆ ಕಳೆದುಕೊಂಡು, ಗೋದಾಮಿನಲ್ಲಿ ತಿಂಗಳುಗಟ್ಟಲೆ ಕುಳಿತು ಬಂದ ಬೀಜ ಅದು. ಹುರಿದು ಕುಡಿಯುವುದಕ್ಕೆ ಉತ್ತಮ. ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟರೂ ಮೊಳೆಯುವುದಿಲ್ಲ. ಕಾಫಿ ಬೀಜ ಭತ್ತದ ಹಾಗೆ ವರ್ಷಗಟ್ಟಲೆ ಕಾಯುವಂಥದ್ದಲ್ಲ. ಕೆಲವೇ ತಿಂಗಳಲ್ಲಿ ಜೀವ ಆರುತ್ತದೆ, ನಾವು ಬೆಳೆಯುವ ಎರಡು ಜಾತಿಗಳಲ್ಲಿ ರೋಬಸ್ಟಾದ್ದು ಅರೇಬಿಕಾಗಿಂತಲೂ ಮೊದಲು. ಇದನ್ನೆಲ್ಲ ಹೇಳಿದೆ. ಹುಡುಗ ತಾಳ್ಮೆಯಿಂದ ಕೇಳಿ, “ಹಾಗಾದರೆ ಟಿಶ್ಯೂ ಬದಲು ಹತ್ತಿ ಇಡಲೇ?” ಎಂದ. ಪಂದಿಕರಿ ಬಂತು, ನಾನು ಊಟ ಮಾಡಿದೆ.

ಸರಿಯಾಗಿ ಮಾಡುವುದು ಹೀಗೆ. ಗಿಡದಲ್ಲೇ ಪೂರ್ತಿ ಹಣ್ಣಾದದ್ದನ್ನು ಕೈಯಿಂದ ಆರಿಸಿ ಕೊಯ್ಯಬೇಕು. ನೀರಿಗೆ ಹಾಕಿ ತೇಲಿದ ಜೊಳ್ಳನ್ನು ಎಸೆಯಬೇಕು. ತುದಿಯಲ್ಲಿ ಸಣ್ಣ ತೂತಿದ್ದರೆ ಕಾಯಿಕೊರಕ ಹುಳ ಹೊಕ್ಕಿದೆ, ಅದೂ ಬೇಡ. ಹಿಂಡಿದರೆ ಬೀಜ ಜಾರಿ ಹೊರಬರುತ್ತದೆ. ಅಂಟು ಹೋಗಲು ಒಲೆಯ ಬೂದಿಯಲ್ಲಿ ಉಜ್ಜಿ, ನೆರಳಿನಲ್ಲಿ ಹರಡಿ, ಆಗಾಗ ಕೈಯಾಡಿಸಬೇಕು. ಬಿಸಿಲು ತಾಗಬಾರದು. ಒಂಟಿ ದುಂಡು ಬೀಜ, ಮೂರು ಮೂಲೆಯದು, ಒಂದರೊಳಗೊಂದು ಸೇರಿಕೊಂಡ ಆನೆಬೀಜ, ಇವನ್ನೆಲ್ಲ ಬೇರ್ಪಡಿಸಬೇಕು.

ಮನೆಯಲ್ಲಾದರೆ ತಳದಲ್ಲಿ ತೂತಿರುವ ಆಳದ ತಟ್ಟೆಗೆ ತೊಳೆದ ಮರಳು ತುಂಬಿ, ಒಂದು ರಾತ್ರಿ ನೆನೆಸಿದ ಬೀಜವನ್ನು ಚಪ್ಪಟೆ ಮುಖ ಕೆಳಗಾಗಿ ಸಾಲಿನಲ್ಲಿಡಿ. ಎರಡು ದಿನಕ್ಕಿಂತ ಹೆಚ್ಚು ನೆನೆಸಿದರೆ ಗಾಳಿಯಿಲ್ಲದೆ ಕೊಳೆಯುತ್ತದೆ. ಮೇಲೆ ತೆಳುವಾಗಿ ಮರಳು, ಅದರ ಮೇಲೆ ಭತ್ತದ ಹುಲ್ಲು. ದಿನವೂ ಚಿಮುಕಿಸಿದರೆ ಸಾಕು, ಸುರಿಯಬೇಡಿ. ತೆಂಗಿನ ನಾರಿನ ಪುಡಿ ಬಳಸುವವರು ಹಿಂಡಿ ನೋಡಬೇಕು, ಬೆರಳ ಸಂದಿಯಿಂದ ನೀರು ಇಳಿದರೆ ಅತಿಯಾಯಿತು. ತೋಟದಲ್ಲಿ ನಾವು ಹಾಕುವುದು ಒಂದು ಮೀಟರ್ ಅಗಲದ ಏರುಮಡಿ, ಮೇಲೊಂದು ಚಪ್ಪರ. ಮಣ್ಣು ತುಂಬಿದ ಸಸಿ ಚೀಲಕ್ಕೇ ನೇರ ಬಿತ್ತುವವರೂ ಇದ್ದಾರೆ. ಬೇರು ಅಲುಗದು ಎಂಬುದು ನಿಜ. ಆದರೆ ಮೊಳೆಯದ ಬೀಜದ ಚೀಲಗಳಿಗೂ ನೀರು ಹಾಕುತ್ತ ಕೂರಬೇಕು.

ಟಿಶ್ಯೂ ಬಗ್ಗೆ ನನ್ನ ದೊಡ್ಡ ತಕರಾರು ಬೂಷ್ಟಲ್ಲ, ಬೇರು. ಮೊದಲು ಹೊರಡುವುದು ತಾಯಿಬೇರು. ಕಾಗದದಲ್ಲಿ ಅದು ಕೆಳಗಿಳಿಯಲು ಜಾಗವಿಲ್ಲದೆ ಅಡ್ಡಡ್ಡ ಸುತ್ತುತ್ತದೆ. ಬಿಡಿಸಿ ನೆಡುವಾಗ ಕೊಕ್ಕೆಯಂತೆ ಬಾಗಿದರೆ ಗಿಡ ಮೊದಲ ಮಳೆಗಾಲ ಚೆನ್ನಾಗಿಯೇ ಇರುತ್ತದೆ. ಬೇಸಿಗೆಯಲ್ಲಿ ಪಕ್ಕದ ಗಿಡಗಳೆಲ್ಲ ತಡೆದುಕೊಂಡಾಗ ಇದೊಂದು ಹಳದಿಯಾಗುತ್ತದೆ. ಮರಳಿನಲ್ಲಾದರೆ ಬೇರು ನೆಟ್ಟಗಿಳಿದು ಬೀಜವನ್ನು ತಲೆಯ ಮೇಲೆ ಹೊತ್ತು ಏಳುತ್ತದೆ. ಅದನ್ನು ಟೋಪಿ ಹಂತ ಎನ್ನುತ್ತೇವೆ. ಚೀಲಕ್ಕೆ ದಾಟಿಸಲು ಅದೇ ಸರಿಯಾದ ಹೊತ್ತು. ಚೀಲಕ್ಕೆ ಆರು ಪಾಲು ಕಾಡುಮಣ್ಣು, ಎರಡು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು.

ಇಷ್ಟು ಬರೆದ ಮೇಲೂ ಹೇಳುತ್ತೇನೆ, ಇದು ಕಷ್ಟದ ಭಾಗವಲ್ಲ. ಉದುರಿದ ಹಣ್ಣು ತೋಟದ ನೆರಳಿನಲ್ಲಿ ತಾನಾಗಿಯೇ ಮೊಳೆಯುತ್ತದೆ, ಮಳೆಗಾಲದಲ್ಲಿ ಬುಡ ಬಿಡಿಸುವಾಗ ಅಂಥ ಸಸಿಗಳನ್ನು ಕಿತ್ತು ಎಸೆಯುವುದೇ ಒಂದು ಕೆಲಸ. ನನ್ನನ್ನು ಕೇಳಬೇಕಾದದ್ದು, ಆದರೆ ಯಾರೂ ಕೇಳದ್ದು: “ಬೀಜವನ್ನು ಯಾವ ಗಿಡದಿಂದ ತೆಗೆಯುತ್ತೀರಿ?”

ಈ ಪ್ರಶ್ನೆಗೆ ನಾನು ಅರ್ಧ ದಿನ ಮಾತಾಡಬಲ್ಲೆ. ಈ ವರ್ಷ ರೆಂಬೆ ಬಾಗುವಷ್ಟು ಕಾಯಿ ಹಿಡಿದ ಗಿಡವನ್ನು ಕಂಡು ಮರುಳಾಗಬಾರದು. ಕಾಫಿ ಒಂದು ವರ್ಷ ಹೆಚ್ಚು ಕೊಟ್ಟರೆ ಮರುವರ್ಷ ಬಳಲುತ್ತದೆ. ಅದೇ ಗಿಡವನ್ನು ಇಳುವರಿ ಇಳಿದ ವರ್ಷವೂ ನೋಡಬೇಕು. ಮಳೆ ನಿಂತ ಮೇಲೆ ಎಲೆ ತಿರುಗಿಸಿ ಕಿತ್ತಳೆ ಬಣ್ಣದ ತುಕ್ಕಿನ ಪುಡಿ ಇದೆಯೇ ಎಂದು ನೋಡಬೇಕು. ಅರೇಬಿಕಾ ಆದರೆ ಕಾಂಡದ ಮೇಲೆ ಕೈ ಸವರಬೇಕು. ಉಬ್ಬಿದ ಏಣು ಬೆರಳಿಗೆ ಸಿಕ್ಕರೆ ಒಳಗೆ ಬಿಳಿ ಕಾಂಡಕೊರಕ ಓಡಾಡಿದೆ. ಹೀಗೆ ವರ್ಷವರ್ಷವೂ ಕಣ್ಣಿಟ್ಟು ಗುರುತು ಮಾಡಿದ ಗಿಡಗಳಿಂದಲೇ ಬೀಜ ತೆಗೆಯುವುದು.

ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದರಿಂದ ಸಸಿ ಬಹುಮಟ್ಟಿಗೆ ತಾಯಿಯನ್ನೇ ಹೋಲುತ್ತದೆ. ರೋಬಸ್ಟಾ ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದಾಗ ಗಾಳಿಯೋ ಜೇನೋ ತಂದದ್ದು ಯಾರ ಪರಾಗವೋ ಅದು. ತಾಯಿ ಎಷ್ಟೇ ಒಳ್ಳೆಯದಿರಲಿ, ಸುತ್ತಲಿನ ಗಿಡಗಳು ಕಳಪೆಯಾದರೆ ಸಸಿಗಳೂ ಕಳಪೆಯಾಗಬಹುದು. ಅದಕ್ಕೇ ರೋಬಸ್ಟಾದಲ್ಲಿ ನಾನು ನೋಡುವುದು ಒಂದು ಗಿಡವನ್ನಲ್ಲ, ಅದು ನಿಂತ ಇಡೀ ತಾಕನ್ನು. ಬಾಳೆಹೊನ್ನೂರಿನಲ್ಲಿ 1925ರಲ್ಲಿ, ನಮ್ಮ ಚೆಟ್ಟಳ್ಳಿಯಲ್ಲಿ 1946ರಲ್ಲಿ ಸಂಶೋಧನಾ ಕೇಂದ್ರಗಳು ಶುರುವಾದವು. ಅಲ್ಲಿನವರು ತಲೆಮಾರುಗಟ್ಟಲೆ ಮಾಡಿದ್ದೂ ಈ ಆಯ್ಕೆಯ ಕೆಲಸವನ್ನೇ. ಎಸ್.288 ಮತ್ತು ಕೆಂಟ್ಸ್ ಎಂಬ ಅರೇಬಿಕಾ ತಳಿಗಳನ್ನು ಸೇರಿಸಿ ಬಂದ ಎಸ್.795 ಇಂದಿಗೂ ತೋಟಗಳಲ್ಲಿ ನಿಂತಿದೆ. 2007ರಲ್ಲಿ ಬಂದ ಗಿಡ್ಡ ಜಾತಿಯ ಚಂದ್ರಗಿರಿಯೂ ಅವರದೇ. ಟಿಶ್ಯೂ ಕಂಪನಿ ಕೇಳುವವರು ತಳಿಯ ಹೆಸರು ಕೇಳಲಿ, ನಾನು ಊಟ ಬಿಟ್ಟು ಉತ್ತರ ಕೊಡುತ್ತೇನೆ.

ಹಣ್ಣು ಬೇಕಾದವರು ಅರೇಬಿಕಾಗೆ ಡಿಸೆಂಬರ್‌ನಲ್ಲಿ, ರೋಬಸ್ಟಾಗೆ ಜನವರಿ ಕೊನೆಯಲ್ಲಿ ಬನ್ನಿ. ಗುರುತು ಮಾಡಿದ ಗಿಡದಿಂದಲೇ ಕೊಯ್ದು ಕೊಡುತ್ತೇನೆ, ದುಡ್ಡು ಬೇಡ. ಬಟ್ಟೆಯ ಚೀಲ ತನ್ನಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕಾರಿನ ಡಿಕ್ಕಿಯಲ್ಲಿಟ್ಟರೆ ಬೆಂಗಳೂರು ಮುಟ್ಟುವಷ್ಟರಲ್ಲಿ ಬೆವೆತು ಹುಳಿ ವಾಸನೆ ಹೊಡೆಯುತ್ತದೆ. ಮನೆ ಸೇರಿದ ರಾತ್ರಿಯೇ ಸಿಪ್ಪೆ ಹಿಂಡಿ, ಬೂದಿ ಹಚ್ಚಿ, ಫ್ಯಾನಿನ ಗಾಳಿಗೆ ಹರಡಿ ಮಲಗಿ.