ಒಂದೇ ಪ್ಲೇಟು, ಮೂರು ಯಂತ್ರ

ಶಿವಮೊಗ್ಗದ ಹತ್ತಿರ ನಮ್ಮದೊಂದು ಸಣ್ಣ ಶೆಡ್ಡು. ಹಸಿ ಅಡಿಕೆ ಸುಲಿಯುವ ಯಂತ್ರ ಮಾಡುತ್ತೇವೆ, ದೊಡ್ಡದೊಂದು, ಚಿಕ್ಕದೊಂದು. ಜೊತೆಗೆ ಒಣ ಅಡಿಕೆ ವಿಂಗಡಿಸುವ ಜರಡಿ. ಡ್ರಾಯಿಂಗ್ ಎಲ್ಲಾ ನನ್ನ ಕೈಲಿ. ಮೂರಕ್ಕೂ ಬೇರಿಂಗ್ ಕೂರಿಸುವ ಪ್ಲೇಟು ಒಂದೇ ಇತ್ತು. ಒಟ್ಟಿಗೆ ಕತ್ತರಿಸಬಹುದು, ಸ್ಟೋರಿನಲ್ಲಿ ಒಂದೇ ಡಬ್ಬಿ ಸಾಕು ಅಂತ ನಾನೇ ಬುದ್ಧಿ ಓಡಿಸಿ ಮಾಡಿದ್ದು.

ಹೋದ ವರ್ಷ ದೊಡ್ಡ ಯಂತ್ರಕ್ಕೆ 25 ಎಂಎಂ ಶಾಫ್ಟ್ ಸಾಲುತ್ತಿಲ್ಲ ಅಂತ 30ಕ್ಕೆ ಹೋದೆವು. ಬೇರಿಂಗಿನ ಮಾಡೆಲ್ ಯುಸಿಪಿ 205 ಬದಲು 206 ಆಯಿತು, ಬೋಲ್ಟುಗಳ ನಡುವಿನ ಅಂತರ 105 ಇದ್ದದ್ದು 121 ಆಯಿತು. ಪ್ಲೇಟಿನ ಫೈಲ್ ತೆಗೆದೆ, ತೂತು ಸರಿಸಿದೆ, ಡ್ರಾಯಿಂಗಿನ ಮೂಲೆಯಲ್ಲಿ ರಿವಿಷನ್ ಎ ಅಳಿಸಿ ಬಿ ಅಂತ ಹಾಕಿದೆ, ಅದೇ ಹೆಸರಲ್ಲಿ ಸೇವ್ ಮಾಡಿ ಊಟಕ್ಕೆ ಎದ್ದೆ. ಐದು ನಿಮಿಷದ ಕೆಲಸ ಅಲ್ವಾ. ಶಾಫ್ಟ್ 6.4 ಎಂಎಂ ಮೇಲೆ ಹೋಗುತ್ತದೆ, ಮೋಟಾರ್ ಬೇಸ್ ಸರಿಸಬೇಕು ಅನ್ನುವುದೂ ನೆನಪಿತ್ತು. ತಲೆ ತುಂಬಾ ದೊಡ್ಡ ಯಂತ್ರವೇ. ಉಳಿದೆರಡು ಮರೆತೇಹೋಗಿದ್ದವು.

ನಾನು ಡ್ರಾಯಿಂಗ್ ಮಾಡುವ ಸಾಫ್ಟ್‌ವೇರ್ ಸಾಲಿಡ್‌ವರ್ಕ್ಸ್‌ನಲ್ಲಿ ಅಸೆಂಬ್ಲಿ, ಅಂದರೆ ಪಾರ್ಟುಗಳನ್ನೆಲ್ಲಾ ಜೋಡಿಸಿದ ಇಡೀ ಯಂತ್ರದ ಫೈಲು, ಪಾರ್ಟನ್ನು ಹುಡುಕುವುದು ಫೈಲ್ ಹೆಸರು ಹಿಡಿದು. ಆ ಹೆಸರಿನ ಒಳಗೆ ಇವತ್ತು ಏನಿದೆಯೋ ಅದನ್ನೇ ಎತ್ತಿಕೊಳ್ಳುತ್ತದೆ, ನಾನು ಮೂಲೆಯಲ್ಲಿ ಬರೆದ ಎ, ಬಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಚಿಕ್ಕ ಯಂತ್ರದ ಅಸೆಂಬ್ಲಿ ಒಮ್ಮೆ ತೆರೆದಿದ್ದರೆ ಪಾರ್ಟಿಗೆ ಪಾರ್ಟು ಕೂರಿಸುವ ಮೇಟ್‌ಗಳು ಕೆಂಪಾಗಿ ಕಾಣುತ್ತಿದ್ದವು. ತೆರೆಯಲಿಲ್ಲ.

40 ಪ್ಲೇಟು ಕತ್ತರಿಸಿ ಬಂದವು. ಫಿಟ್ಟರಣ್ಣ ಚಿಕ್ಕ ಯಂತ್ರದ ಮೇಲೆ ಒಂದನ್ನಿಟ್ಟು, ಬೇರಿಂಗ್ ಕೂರಿಸಿ, ಮೊದಲ ಬೋಲ್ಟ್ ಇಳಿಸಿದರು. ಎರಡನೆಯದು ಬೇರಿಂಗಿನ ತೂತು ದಾಟಿ ಬರೀ ಕಬ್ಬಿಣಕ್ಕೆ ಟಕ್ ಅಂತ ತಾಗಿ ನಿಂತಿತು. "ಸಾರ್, ತೂತನ್ನ ಉದ್ದ ಮಾಡಿ ಸ್ಲಾಟ್ ಹೊಡೆದುಬಿಡೋಣ, ಎರಡಕ್ಕೂ ಆಗುತ್ತೆ" ಅಂದರು. ಆಸೆಯೇನೋ ಆಯಿತು. ಆದರೆ ಇಡೀ ದಿನ ಅಲುಗಾಡುವ ಜರಡಿಗೆ ಸ್ಲಾಟ್ ಅಂದರೆ ಬೋಲ್ಟ್ ಜಾರದೆ ಇರುತ್ತದಾ?

ಪ್ಲೇಟುಗಳು ದಂಡವಾಗಲಿಲ್ಲ, ದೊಡ್ಡ ಯಂತ್ರಕ್ಕೆ ಆದವು. ಕಷ್ಟವಾದದ್ದು ಚಿಕ್ಕ ಯಂತ್ರಕ್ಕೆ ಕಾಯುತ್ತಿದ್ದ ತೀರ್ಥಹಳ್ಳಿ ಕಡೆಯ ಗಿರಾಕಿಗೆ. ಕೊಯ್ಲಿನ ಕಾಲ, ಸುಲಿಯುವವರು ಸಿಗುವುದಿಲ್ಲ, ಕೊಯ್ದ ಗೊನೆ ಅಂಗಳದಲ್ಲಿ ಸುಮ್ನೆ ಕಾಯುತ್ತಾ ಕೂರುವುದಿಲ್ಲ. ಹತ್ತು ದಿನ ಬೆಳಗಾದರೆ ಅವರದೇ ಫೋನ್, ಎತ್ತಲು ನಾಚಿಕೆ.

ಬದಲಾವಣೆ ಚಿಕ್ಕದು, ಅದಕ್ಕೇ ಇದು ರಿವಿಷನ್ ಅಂದುಕೊಂಡದ್ದೇ ನನ್ನ ತಪ್ಪು. ಈಗ ಬೇರೆ ಥರ ಕೇಳಿಕೊಳ್ಳುತ್ತೇನೆ. ಹಳೆಯದು, ಹೊಸದು ಎರಡನ್ನೂ ಒಂದೇ ಡಬ್ಬಿಯಲ್ಲಿ ಕಲೆಸಿಟ್ಟು, ಕಣ್ಣು ಮುಚ್ಚಿ ಒಂದನ್ನು ಎತ್ತಿ ಕೊಟ್ಟರೆ ಮೂರೂ ಯಂತ್ರಕ್ಕೆ ಕೂರುತ್ತದಾ? ಕೂತರೆ ರಿವಿಷನ್. ಅಂಚು ದುಂಡು ಮಾಡಿದ್ದು, ಪೇಂಟ್ ಬದಲಿಸಿದ್ದು ಈ ಲೆಕ್ಕಕ್ಕೆ. ಕೂರದಿದ್ದರೆ ಅರ್ಧ ಎಂಎಂ ಸರಿದರೂ ಹೊಸ ಪಾರ್ಟ್ ನಂಬರ್, ಹೊಸ ಫೈಲ್. ಯಾವ ಪಾರ್ಟು ಎಲ್ಲೆಲ್ಲಿ ಇದೆ ಅಂತ ತೋರಿಸುವ ಪಿಡಿಎಂ ಸಾಫ್ಟ್‌ವೇರ್ ಇದೆ, ನಮ್ಮಂಥವರಿಗೆ ದುಬಾರಿ. ಹಾಗಾಗಿ ಒಂದು ಎಕ್ಸೆಲ್ ಹಾಳೆ: ಎಡಕ್ಕೆ ಪಾರ್ಟು, ಬಲಕ್ಕೆ ಅದನ್ನು ಬಳಸುವ ಯಂತ್ರಗಳು. ಪಾರ್ಟಿನ ಫೈಲ್ ಮುಟ್ಟುವ ಮುಂಚೆ ಅದನ್ನು ನೋಡುತ್ತೇನೆ, ಬಲಗಡೆ ಒಂದಕ್ಕಿಂತ ಜಾಸ್ತಿ ಹೆಸರಿದ್ದರೆ ಎಲ್ಲಾ ಅಸೆಂಬ್ಲಿ ತೆರೆದು ನೋಡಿಯೇ ಸೇವ್.

105ರ ಪ್ಲೇಟನ್ನು ಬ್ಯಾಕಪ್‌ನಿಂದ ವಾಪಸ್ ತಂದೆ. ಈಗ ಎರಡು ನಂಬರ್, ಎರಡು ಡಬ್ಬಿ. ಫಿಟ್ಟರಣ್ಣ ಮಾತ್ರ ನನ್ನ ನಂಬರ್ ನಂಬುವುದಿಲ್ಲ, 121ರ ಡಬ್ಬಿಗೆ ಹಳದಿ ಪೇಂಟ್ ಬಳಿದಿದ್ದಾರೆ.