“ಯಾಕೆ ಕಟ್ ಮಾಡಿದ್ರಿ ಸರ್?”

ಈ ವಾರ ಉತ್ತರಪತ್ರಿಕೆ ಹಂಚುವಾಗ ಹುಡುಗನೊಬ್ಬ ಎದ್ದು, “ಸರ್, ಇದಕ್ಕೆ ಮೂರು ಮಾರ್ಕ್ಸ್ ಯಾಕೆ ಕಟ್ ಮಾಡಿದ್ರಿ?” ಅಂದ. ಪ್ರಶ್ನೆ ಕೇಳಿದ್ದು ಕಾರಣ, ಅವನು ಬರೆದಿದ್ದು ವ್ಯಾಖ್ಯೆ. ಅದೂ ದುಂಡಗೆ, ಅಡಿಗೆರೆ ಎಳೆದು. “ಪ್ರಶ್ನೆ ಇನ್ನೊಮ್ಮೆ ಓದು” ಅಂದರೆ ಓದಿದ. ಆಮೇಲೂ ಅದೇ ಮಾತು: “ಆದ್ರೂ ಯಾಕೆ ಕಟ್ ಮಾಡಿದ್ರಿ?”

ಹುಡುಗ ಉದ್ಧಟನಲ್ಲ. ಪೂರ್ತಿ 25 ತನ್ನದೇ, ಅದರಲ್ಲಿ ಮೇಷ್ಟ್ರು ಕಿತ್ತುಕೊಂಡರು ಎಂಬುದು ಅವನ ಲೆಕ್ಕ. ಕೆಂಪು ಗೀಟು, ಮೇಲೊಂದು ಟೋಟಲ್ ಬಿಟ್ಟರೆ ಹಾಳೆಯಲ್ಲಿ ಬೇರೇನೂ ಇಲ್ಲದಾಗ ಇನ್ನೇನು ಅಂದುಕೊಂಡಾನು?

ಟೋಟಲ್ ಹಾಕದೆ, ಪ್ರತಿ ಪ್ರಶ್ನೆಯ ಪಕ್ಕ ಅಂಕವಷ್ಟೇ ಬರೆದು ಪೇಪರ್ ಕೊಡಬೇಕು. ಕೂಡಿಸುವ ಕೆಲಸ ಮಕ್ಕಳದು. ಪರೀಕ್ಷೆ ಮುಗಿದ ಕೂಡಲೇ “ಎಷ್ಟು ಬರಬಹುದು” ಎಂದು ಮೂಲೆಯಲ್ಲಿ ಬರೆಸಿಟ್ಟಿದ್ದರೆ, ಅದಕ್ಕೂ ಇದಕ್ಕೂ ಇರುವ ಅಂತರ ಅಲ್ಲೇ ಕಾಣುತ್ತದೆ. ಆಮೇಲೆ ಹೋದ ಅಂಕಗಳನ್ನು ಅವರೇ ವಿಂಗಡಿಸಲಿ. 14 ಬಂದಿದೆ ಅನ್ನಿ. ಹೋದ 11ರಲ್ಲಿ ಪ್ರಶ್ನೆ ತಪ್ಪಾಗಿ ಓದಿದ್ದಕ್ಕೆ 3, ಏಕಮಾನ ಬರೆಯದ್ದಕ್ಕೆ 2, ಓದಿದ್ದರೂ ನೆನಪಾಗದ್ದಕ್ಕೆ 4, ಪಾಠವೇ ಅರ್ಥವಾಗದ್ದಕ್ಕೆ 2. ಹೀಗೆ ಬಿಡಿಸಿದರೆ ಮೇಷ್ಟ್ರು ಹೇಳಿಕೊಡಬೇಕಾದದ್ದು ಕೊನೆಯ ಎರಡು ಅಂಕದ್ದು ಮಾತ್ರ!

ಕೆಡುವುದು ಇದರ ಮುಂದಿನ ಹೆಜ್ಜೆಯಲ್ಲಿ. “ಮುಂದೇನು ಮಾಡ್ತೀಯ?” ಎಂದರೆ ತರಗತಿಗೆ ತರಗತಿಯೇ “ಇನ್ನೂ ಚೆನ್ನಾಗಿ ಓದುತ್ತೇನೆ” ಎಂದು ಬರೆಯುತ್ತದೆ. ಅದನ್ನು ಒಪ್ಪಲೇಬಾರದು. ಯಾವ ಪಾಠ, ಯಾವತ್ತು, ಹೇಗೆ ಎಂಬುದು ಬರಬೇಕು. ನೆನಪಾಗದ ನಾಲ್ಕು ಅಂಕಕ್ಕೆ ಮತ್ತೆ ಮತ್ತೆ ಓದುವುದು ಮದ್ದಲ್ಲ. ಪುಸ್ತಕ ಮುಚ್ಚಿ ಬರೆದು ನೋಡಬೇಕು. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಪರೀಕ್ಷಿಸಿದಾಗ, ನೆನಪಿನಿಂದ ಬರೆದು ನೋಡಿದವರು. ಪರೀಕ್ಷೆಯ ಬೆಳಿಗ್ಗೆ “ಎಲ್ಲಾ ಗೊತ್ತು” ಅನ್ನಿಸುವುದು ಆ ಐದು ನಿಮಿಷದ ಭ್ರಮೆಯೇ.

ಅಂಕ ಸೇರಿಸಿ ಎಂದು ಬಂದವರನ್ನು ಬೈದು ಕಳಿಸಬೇಡಿ. ನಿಜವಾಗಿಯೂ ನಾವು ನೋಡದೆ ಬಿಟ್ಟ ಉತ್ತರ ಇರುತ್ತದೆ. ಯಾವ ಸಾಲಿಗೆ, ಯಾಕೆ ಅಂಕ ಬರಬೇಕೆಂದು ಮೂರು ವಾಕ್ಯ ಬರೆದು ನಾಳೆ ತಾ ಅನ್ನಿ. ಅರ್ಧ ಅಂಕಕ್ಕೆ ಜಗಳಕ್ಕೆ ಬರುವ ಅಪ್ಪ ಅಮ್ಮಂದಿರಿಗೂ ಇದೇ ಉತ್ತರ: ಮಗನೇ ಬರೆದು ತರಲಿ.

ವಿಂಗಡಿಸಿದ ಹಾಳೆ ಮಕ್ಕಳ ಬ್ಯಾಗಿಗೆ ಹೋದರೆ ಕಳೆಯಿತೆಂದೇ ಲೆಕ್ಕ. ಮೇಷ್ಟ್ರೇ ತೆಗೆದಿಟ್ಟು, ಮುಂದಿನ ಟೆಸ್ಟಿಗೆ ಒಂದು ವಾರ ಇರುವಾಗ ಅವರವರ ಕೈಗೆ ವಾಪಸ್ ಕೊಡಬೇಕು.