ಹಳದಿ ಸೆಲ್

ಈಗಿನ ಆಫೀಸಿನಲ್ಲಿ ಯಾರಾದರೂ ಎಕ್ಸೆಲ್ ಶೀಟಿನ ಒಂದು ಸೆಲ್‌ಗೆ ಹಳದಿ ಬಣ್ಣ ಬಳಿದು ಹಾಗೇ ಬಿಟ್ಟಿದ್ದರೆ ನನಗೆ ಹೊಟ್ಟೆ ತೊಳಸಿದ ಹಾಗಾಗುತ್ತದೆ. ಜೂನಿಯರ್‌ಗಳು ನಗುತ್ತಾರೆ. "ಮೇಡಂಗೆ ಹಳದಿ ಅಲರ್ಜಿ" ಅಂತ. ಅಲರ್ಜಿ ಅಂತಲೇ ಇಟ್ಟುಕೊಳ್ಳಿ. ಅದು ಶುರುವಾಗಿದ್ದು 2014ರ ಫೆಬ್ರವರಿಯ ಒಂದು ಶನಿವಾರ, ಜಯನಗರದ ಒಂದು ಮನೆಯ ಮೇಲಿನ ಮಹಡಿಯಲ್ಲಿ.

ಆ ಮಹಡಿಯೇ ನಮ್ಮ ರೆಕಾರ್ಡ್ ಲೇಬಲ್, ಅಂದರೆ ಬ್ಯಾಂಡುಗಳ ಆಲ್ಬಮ್ ಹೊರತರುವ ಕಂಪನಿ. ಇದ್ದದ್ದು ಮೂರೇ ಜನ. ಸಾಫ್ಟ್‌ವೇರ್ ಕೆಲಸ ಬಿಟ್ಟು, ಷೇರು ಮಾರಿದ ದುಡ್ಡಲ್ಲಿ ಲೇಬಲ್ ಶುರು ಮಾಡಿದ ಬಾಸ್. ಕವರ್, ಪೋಸ್ಟರ್, ಟೀ ಶರ್ಟು ನೋಡಿಕೊಳ್ಳುತ್ತಿದ್ದ ಡಿಸೈನರ್ ಹುಡುಗಿ. ಮಿಕ್ಕಿದ್ದೆಲ್ಲ ನಾನು. ಕಾರ್ಡಿನಲ್ಲಿ 'ಲೇಬಲ್ ಮ್ಯಾನೇಜರ್' ಅಂತಿತ್ತು. ಅಪ್‌ಲೋಡ್, ಕೊರಿಯರ್, ಸ್ಟೇಟ್‌ಮೆಂಟ್, ಟಿಡಿಎಸ್, ಸೌಂಡ್‌ಚೆಕ್ ಟೈಮಿಗಾಗಿ ಪಬ್‌ನವರ ಹತ್ತಿರ ಜಗಳ, ಕೆಳಗಿನ ಮನೆಯವರಿಗೆ "ಸಾರಿ ಆಂಟಿ, ಕಮ್ಮಿ ಮಾಡ್ತೀವಿ ಆಂಟಿ" ಅನ್ನುವುದು, ಎಲ್ಲ ಅದರಲ್ಲೇ ಬಂತು. ನಾನು ಓದಿದ್ದು ಬಿ.ಕಾಂ. ಆದರೆ ಕೆಲಸ ಸಿಕ್ಕಿದ್ದು ಬಿ.ಕಾಂ.ನಿಂದ ಅಲ್ಲ. ಇಂಟರ್‌ವ್ಯೂನಲ್ಲಿ ಬಾಸ್ ಕೇಳಿದ್ದು ಒಂದೇ ಪ್ರಶ್ನೆ: "2007ರಲ್ಲಿ ಅರಮನೆ ಮೈದಾನದ ಐರನ್ ಮೇಡನ್ ರಾಕ್ ಶೋಗೆ ಹೋಗಿದ್ರಾ?" ಹೋಗಿದ್ದೆ. ಸೋಮವಾರದಿಂದ ಬನ್ನಿ ಅಂದರು.

ಬಾಸ್ ಟೇಬಲ್ ಹಿಂದೆ ಮ್ಯಾಂಚೆಸ್ಟರಿನ ಫ್ಯಾಕ್ಟರಿ ರೆಕಾರ್ಡ್ಸ್ ಅನ್ನುವ ಲೇಬಲ್‌ನ ಒಂದು ಪೋಸ್ಟರ್ ಇತ್ತು. ಮನೆಯಲ್ಲಿ ದೇವರ ಪಟ ಇರುವ ಹಾಗೆ. ಆ ಲೇಬಲ್ ಹೊರತಂದ ನ್ಯೂ ಆರ್ಡರ್ ಬ್ಯಾಂಡಿನ 1983ರ ಒಂದು ಸಿಂಗಲ್‌ನ ಕವರ್‌ಗೆ ತೂತು ತೂತು ಕತ್ತರಿಸಿದ್ದರು, ಆ ಕವರಿನ ಖರ್ಚಿಗೇ ಪ್ರತಿ ಪ್ರತಿಯಲ್ಲೂ ನಷ್ಟವಾಗುತ್ತಿತ್ತಂತೆ ಅನ್ನುವ ಕಥೆಯನ್ನು ಅವರು ನಮಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಹೇಳುವಾಗ ಮುಖದಲ್ಲಿ ಹೆಮ್ಮೆ. 1992ರಲ್ಲಿ ಅದೇ ಕಂಪನಿ ದಿವಾಳಿಯಾಗಿದ್ದನ್ನು ಮಾತ್ರ ಬೇಗ ಬೇಗ ಹೇಳಿ ಮುಗಿಸುತ್ತಿದ್ದರು. ನಮ್ಮ ಮೂರನೇ ಆಲ್ಬಮ್‌ಗೂ ಹಾಗೇ ತೂತು ಕತ್ತರಿಸಿದ ಡೈ-ಕಟ್ ಡಿಜಿಪ್ಯಾಕ್ (ಸಿಡಿ ಇಡುವ ರಟ್ಟಿನ ಕವರ್) ಆಗಬೇಕು ಅಂತ ಅವರು ಹಟ ಹಿಡಿದಾಗ ನಾನು ಕೊಟೇಶನ್ ತೋರಿಸಿದೆ. "ಫ್ಯಾನ್ಸ್‌ಗೆ ಇದೆಲ್ಲ ಗೊತ್ತಾಗುತ್ತೆ" ಅಂದರು. ಗೊತ್ತಾಯಿತು. ಅದನ್ನ ಆಮೇಲೆ ಹೇಳುತ್ತೇನೆ.

ನಮ್ಮಲ್ಲಿ ಮೊದಲು ಬಂದದ್ದು ಬೆಂಗಳೂರಿನ ಒಂದು ಇಂಗ್ಲಿಷ್ ಬ್ಯಾಂಡ್, 2012ರ ಆರಂಭದಲ್ಲಿ. ಅವರಿಗೆ ಅಡ್ವಾನ್ಸ್ ಕೊಟ್ಟಿದ್ದೆವು, ರಿಕೂಪ್ ಆಗಬೇಕಿತ್ತು, ಅಂದರೆ ಅವರ ಹಾಡಿನ ದುಡ್ಡಲ್ಲೇ ಆ ಸಾಲ ತೀರಬೇಕಿತ್ತು. ಅದೇ ವರ್ಷದ ಕೊನೆಗೆ ಮೈಸೂರಿನ ಹುಡುಗರು. ಕನ್ನಡದ ಹಾಡುಗಳು, ತಾವೇ ಬರೆದು ತಾವೇ ರೆಕಾರ್ಡ್ ಮಾಡಿಕೊಂಡು ಬಂದಿದ್ದರು. ಅಡ್ವಾನ್ಸ್ ಕೇಳಲಿಲ್ಲ. ಬರೀ ಡಿಸ್ಟ್ರಿಬ್ಯೂಶನ್, ಮೊದಲ ರೂಪಾಯಿಯಿಂದಲೇ 70-30. ಅವರಿಗೆ ಎಪ್ಪತ್ತು.

ಆಗ ದುಡ್ಡು ಬರುತ್ತಿದ್ದ ರೀತಿಯೇ ವಿಚಿತ್ರ. ಫ್ಲಿಪ್‌ಕಾರ್ಟ್‌ನವರ ಹಾಡು ಮಾರುವ ಆನ್‌ಲೈನ್ ಅಂಗಡಿ ಫ್ಲೈಟ್ 2012ರ ಫೆಬ್ರವರಿಯಲ್ಲಿ ಶುರುವಾಯಿತು, 2013ರ ಜೂನ್‌ನಲ್ಲಿ ಮುಚ್ಚಿತು. ನಾವು ಮೊದಲ ಆಲ್ಬಮ್‌ನ ಸಿಡಿ ಡಬ್ಬದ ಕಾಗದದ ಮೇಲೆ ಅದರ ಲಿಂಕ್ ಅಚ್ಚು ಹಾಕಿಸಿ ಕೂತಿದ್ದೆವು. 2012ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಐಟ್ಯೂನ್ಸ್ ಸ್ಟೋರ್ ಬಂತು. ಜೊತೆಗೆ ಸ್ಟ್ರೀಮಿಂಗ್‌ನ ಪೈಸೆಗಳು, ಕಾಲರ್ ಟ್ಯೂನ್‌ನ ರೂಪಾಯಿಗಳು, ಅಂಗಡಿಗಳಲ್ಲಿ ಸೇಲ್ ಆರ್ ರಿಟರ್ನ್ ಮೇಲೆ, ಅಂದರೆ ಮಾರಿದರೆ ದುಡ್ಡು, ಇಲ್ಲದಿದ್ದರೆ ಮಾಲು ವಾಪಸ್ ಅಂತ ಇಟ್ಟ ಸಿಡಿಗಳು. ಅವುಗಳಲ್ಲಿ ರಿಟರ್ನ್ ಆಗಿದ್ದೇ ಜಾಸ್ತಿ. ಹತ್ತು ಕಡೆಯಿಂದ ಚಿಲ್ಲರೆ ಬೀಳುತ್ತಿತ್ತು. ಆ ಚಿಲ್ಲರೆಯನ್ನೆಲ್ಲ ಆಯ್ದು ಯಾರದ್ದು ಯಾರಿಗೆ ಅಂತ ಹಂಚುವುದೇ ಲೇಬಲ್‌ನ ಅರ್ಧ ಕೆಲಸ. ನಾವು ಅದನ್ನು ಶನಿವಾರ ಮಧ್ಯಾಹ್ನದ ಕೆಲಸ ಮಾಡಿಕೊಂಡಿದ್ದೆವು.

ಹಂಚುವುದು ಐಎಸ್‌ಆರ್‌ಸಿ ನೋಡಿಕೊಂಡು. ಪ್ರತಿ ರೆಕಾರ್ಡಿಂಗ್‌ಗೂ ಬೇರೆ ಬೇರೆಯಾಗಿ ಇರಬೇಕಾದ ಗುರುತಿನ ಕೋಡ್ ಅದು. ದೇಶಕ್ಕೆ ಎರಡಕ್ಷರ, ಲೇಬಲ್‌ಗೆ ಮೂರು, ವರ್ಷಕ್ಕೆ ಎರಡಂಕಿ, ಕೊನೆಯ ಐದಂಕಿ ನಾವೇ ಕೊಟ್ಟುಕೊಳ್ಳಬೇಕು. ಬೆಂಗಳೂರಿನವರ ಎಂಟು ಹಾಡಿಗೆ ನಾನು 00001ರಿಂದ 00008 ಕೊಟ್ಟಿದ್ದೆ. ಮೈಸೂರಿನವರ ಆಲ್ಬಮ್ ಬಂದಾಗ ಹೊಸ ಶೀಟು ತೆರೆದೆ. ಹೊಸ ಶೀಟು, ಹೊಸ ಬ್ಯಾಂಡು, ಮತ್ತೆ 00001ರಿಂದ ಶುರು. ವರ್ಷ ಅದೇ 12. ಇಷ್ಟೇ ತಪ್ಪು.

ಎರಡೂ ಆಲ್ಬಮ್ ಒಂದೇ ಅಗ್ರಿಗೇಟರ್ (ಹಾಡುಗಳನ್ನು ಆನ್‌ಲೈನ್ ಅಂಗಡಿಗಳಿಗೆ ತಲುಪಿಸುವ ಮಧ್ಯವರ್ತಿ) ಮೂಲಕ ಹೋಗಿದ್ದರೆ ಅವರ ಸಿಸ್ಟಮ್ಮೇ ಕೂಗಿಕೊಳ್ಳುತ್ತಿತ್ತೋ ಏನೋ. ಆದರೆ ಆ ನಡುವೆ ಬಾಸ್ ಅಗ್ಗದ ಇನ್ನೊಬ್ಬ ಅಗ್ರಿಗೇಟರ್ ಹುಡುಕಿದ್ದರು. ಮೊದಲನೆಯದು ಒಬ್ಬರ ಕೈಲಿ, ಎರಡನೆಯದು ಇನ್ನೊಬ್ಬರ ಕೈಲಿ. ಯಾರಿಗೂ ಗೊತ್ತಾಗಲಿಲ್ಲ. ಎರಡೂ ಕಡೆಯ ರಿಪೋರ್ಟ್ ನನ್ನ ಒಂದೇ ಶೀಟಿಗೆ ಬರುತ್ತಿತ್ತು. ಕೋಡ್ ನೋಡಿ ಬ್ಯಾಂಡಿನ ಹೆಸರು ಹುಡುಕಿಕೊಡಲಿ ಅಂತ ಎಕ್ಸೆಲ್‌ನ ವಿ-ಲುಕಪ್ ಸೂತ್ರ ಹಾಕಿದ್ದೆ. ಅದು ಮೊದಲು ಸಿಕ್ಕಿದ್ದನ್ನೇ ಹಿಡಿದುಕೊಳ್ಳುತ್ತದೆ. ಮೊದಲು ಇದ್ದವರು ಬೆಂಗಳೂರಿನವರು.

ಹಾಗಾಗಿ ಮೈಸೂರಿನವರ ಹಾಡನ್ನು ಯಾರೇ ಎಲ್ಲೇ ಕೇಳಲಿ, ಪೈಸೆ ಬೆಂಗಳೂರಿನವರ ಸಾಲಕ್ಕೆ ಜಮಾ. ಮೈಸೂರಿಗೆ ಕ್ವಾರ್ಟರ್ ಕ್ವಾರ್ಟರ್‌ಗೂ ಸೊನ್ನೆಯ ಸ್ಟೇಟ್‌ಮೆಂಟ್. ಕೆಳಗೆ ನನ್ನ ಸಹಿ.

ಇಲ್ಲಿಯವರೆಗಿನದ್ದು ಯಾರಿಂದಲಾದರೂ ಆಗುವ ತಪ್ಪು. ಮುಂದಿನದ್ದು ಹಾಗಲ್ಲ.

ಮೂರನೇ ಕ್ವಾರ್ಟರ್‌ನ ಲೆಕ್ಕ ಮಾಡುವಾಗ ನನಗೆ ಗೊತ್ತಾಯಿತು. ರಾತ್ರಿ ಹನ್ನೊಂದರ ಹೊತ್ತು. ಇಂಗ್ಲಿಷ್ ಬ್ಯಾಂಡಿನ ಹೆಸರಿನ ಪಕ್ಕದಲ್ಲೇ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಹಾಡಿನ ಹೆಸರು. ಒಂದು ಕ್ಷಣ ನಕ್ಕೆ. ಆಮೇಲೆ ಕೈ ತಣ್ಣಗಾಯಿತು. ಸರಿ ಮಾಡಬೇಕೆಂದರೆ ಮೂರು ಕ್ವಾರ್ಟರ್ ಹಿಂದಕ್ಕೆ ಹೋಗಬೇಕು. ಎರಡೂ ಬ್ಯಾಂಡಿಗೆ ತಿದ್ದಿದ ಸ್ಟೇಟ್‌ಮೆಂಟ್ ಕಳಿಸಬೇಕು. ಎರಡೂ ಅಗ್ರಿಗೇಟರ್‌ಗೆ ಬರೆಯಬೇಕು. ಬಾಸ್‌ಗೆ ಹೇಳಬೇಕು. ಮುಂದಿನ ವಾರ ಮೂರನೇ ಆಲ್ಬಮ್‌ನ ಲಾಂಚ್. ಮೊತ್ತ ನೋಡಿದೆ, ಏಳೆಂಟು ಸಾವಿರ. ಸೆಲ್‌ಗೆ ಹಳದಿ ಬಣ್ಣ ಹಾಕಿದೆ. ಕಾಮೆಂಟ್‌ನಲ್ಲಿ ಬರೆದೆ: "ಮೈಸೂರು?? ಲಾಂಚ್ ಆದ್ಮೇಲೆ ನೋಡು." ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ. ನಿದ್ದೆಯೂ ಚೆನ್ನಾಗಿಯೇ ಬಂತು. ಅದೇ ಈಗ ಜಾಸ್ತಿ ಕಾಡುವುದು.

ಆ ಲಾಂಚ್‌ನ ಕಥೆಯೂ ಕೇಳಿ. ಡಿಜಿಪ್ಯಾಕ್‌ಗೆ ಪ್ರೀ-ಆರ್ಡರ್ ತೆಗೆದುಕೊಂಡಿದ್ದೆವು, ಒಂದಕ್ಕೆ 350 ರೂಪಾಯಿ, 180 ಜನ. ಆ ದುಡ್ಡು ಪ್ರೆಸ್ಸಿಂಗ್‌ಗೆ ಅಂತ ಎತ್ತಿಡಬೇಕಿತ್ತು. ಇದ್ದದ್ದು ಒಂದೇ ಕರೆಂಟ್ ಅಕೌಂಟು. ಪಬ್‌ಗೆ ಡೆಪಾಸಿಟ್, ಸ್ಟೇಜಿನ ಆಂಪ್ಲಿಫೈಯರ್, ಡ್ರಮ್ಸ್ ಬಾಡಿಗೆ, ಹಳೇ ಸ್ಟುಡಿಯೋ ಬಾಕಿ, ಎಲ್ಲದಕ್ಕೂ ಅದರಿಂದಲೇ ಹೋಯಿತು. ಪ್ರೆಸ್‌ನವರು ಬ್ಯಾಲೆನ್ಸ್ ಕೊಡದೆ ಮಾಲು ಬಿಡುವುದಿಲ್ಲ ಅಂದರು. ಅವರದ್ದೇನು ತಪ್ಪು?

ಇಂದಿರಾನಗರದ ಪಬ್‌ನಲ್ಲಿ ನಾನು ಮರ್ಚ್ ಟೇಬಲ್ ಹಿಂದೆ ಬರೀ ಟೀ ಶರ್ಟ್ ಹರಡಿಕೊಂಡು ನಿಂತಿದ್ದೆ. ಅದೂ ಎಕ್ಸ್‌ಎಲ್ ಸೈಜ್ ಮಾತ್ರ. ಒಬ್ಬ ಹುಡುಗ ಬಂದ. ಬೆನ್ನಿಗೆ ಬ್ಯಾಗು. ದಾವಣಗೆರೆಯಿಂದ ಬೆಳಗಿನ ರೈಲಿಗೆ ಬಂದಿದ್ದನಂತೆ, ರಾತ್ರಿ ಬಸ್ಸಿಗೆ ವಾಪಸ್. ನಾಲ್ಕಾಗಿ ಮಡಚಿದ ಆರ್ಡರ್ ಪ್ರಿಂಟ್‌ಔಟ್ ಬಿಡಿಸಿ ಟೇಬಲ್ ಮೇಲಿಟ್ಟ. "ಮೇಡಂ, ಸಿಡಿ ನನ್ನ ಕೈಗೇ ಕೊಟ್ಬಿಡಿ. ನಿಮಗೂ ಕೊರಿಯರ್ ಖರ್ಚು ಉಳಿಯುತ್ತೆ" ಅಂದ.

ಬೈದಿದ್ದರೆ ಚೆನ್ನಾಗಿತ್ತು. ನಾನು "ಮುಂದಿನ ವಾರ ಡಿಸ್‌ಪ್ಯಾಚ್" ಅಂದೆ. ಅವನು ನಂಬಿದ. ಎಕ್ಸ್‌ಎಲ್ ಟೀ ಶರ್ಟೂ ಒಂದು ಕೊಂಡ, ತೆಳ್ಳಗಿನ ಹುಡುಗ. ಸಿಡಿಗಳು ಬಂದಿದ್ದು ನಾಲ್ಕು ತಿಂಗಳ ಮೇಲೆ, ಅದರಲ್ಲೂ ಎಷ್ಟೋ ಡಿಜಿಪ್ಯಾಕ್‌ಗಳಲ್ಲಿ ಸಿಡಿ ಹಿಡಿದುಕೊಳ್ಳುವ ಹಲ್ಲು ಮುರಿದು ಸಿಡಿ ಒಳಗೇ ಗಲಗಲ ಅನ್ನುತ್ತಿತ್ತು. ಫ್ಯಾನ್ಸ್‌ಗೆ ಗೊತ್ತಾಯಿತು ಅಂದೆನಲ್ಲ, ಹೀಗೆ.

ಲಾಂಚ್ ಆಯಿತು. ಹಳದಿ ಸೆಲ್ ನೋಡಲಿಲ್ಲ. ಪ್ರೀ-ಆರ್ಡರ್‌ನವರ ಮೇಲ್‌ಗಳಿಗೆ ಉತ್ತರ ಕೊಡುವುದರಲ್ಲೇ ದಿನ ಹೋಗುತ್ತಿತ್ತು. ಆಮೇಲಾಮೇಲೆ ಉತ್ತರ ಕೊಡದೆ ಇರುವುದರಲ್ಲೂ. ಇನ್ನೂ ಎರಡು ಕ್ವಾರ್ಟರ್ ಮೈಸೂರಿಗೆ ಸೊನ್ನೆ ಹೋಯಿತು.

ಫೆಬ್ರವರಿಯಲ್ಲಿ ಮೈಸೂರಿನ ಹಾಡುಗಾರ ಫೋನ್ ಮಾಡಿದ. "ಅಕ್ಕಾ, ಶನಿವಾರ ಬರ್ತೀವಿ. ಡ್ರಮ್ಮರ್ ಅವರಪ್ಪಾನೂ ಬರ್ತಾರೆ, ಸುಮ್ನೆ ಒಂದ್ಸಲ ಲೆಕ್ಕ ನೋಡ್ಬೇಕಂತೆ." ಅಪ್ಪ ಬ್ಯಾಂಕಿನಲ್ಲಿ ಆಫೀಸರ್ ಆಗಿದ್ದು ರಿಟೈರ್ ಆದವರು. ಬಾಸ್ ನಕ್ಕರು. "ಅಂಕಲ್‌ಗೆ ಕಾಫಿ ಕೊಟ್ಟು ಕಳಿಸೋಣ."

ಅಂಕಲ್ ಕಾಫಿ ಮುಟ್ಟಲಿಲ್ಲ. ಲೋಟ ಪಕ್ಕಕ್ಕೆ ಸರಿಸಿ, ಶರ್ಟಿನ ಜೇಬಿನಿಂದ ಪೆನ್ನು ತೆಗೆದು, ಒಂದು ಖಾಲಿ ಕಾಗದದ ಮೇಲೆ ಗೆರೆ ಎಳೆದುಕೊಂಡರು. ನಾನು ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿದೆ. ಅವರಿಗೆ ರಾಕ್ ಗೊತ್ತಿಲ್ಲ, ಐಎಸ್‌ಆರ್‌ಸಿ ಗೊತ್ತಿಲ್ಲ. ಕಾಲಂ ಮಾತ್ರ ಗೊತ್ತು. ಬೆರಳಿಟ್ಟು ಮೇಲಿಂದ ಕೆಳಗೆ ಬರುತ್ತಿದ್ದರು. ಫ್ಯಾನಿನ ಕಟಕಟ ಸದ್ದು ಬಿಟ್ಟರೆ ಏನೂ ಇಲ್ಲ. ಬಾಸ್ ಮೊಬೈಲ್ ನೋಡುತ್ತಿದ್ದರು. ಡ್ರಮ್ಮರ್ ಹುಡುಗ ಅಪ್ಪನನ್ನು ಕರೆತಂದ ಮುಜುಗರಕ್ಕೆ ಗೋಡೆ ನೋಡುತ್ತಿದ್ದ.

"ಏನಮ್ಮಾ, ಈ ನಂಬರು ಎರಡು ಕಡೆ ಇದೆಯಲ್ಲಾ?"

ನನ್ನ ಬಾಯಿಂದ ಬಂದದ್ದು, "ಅದು ಸಾಫ್ಟ್‌ವೇರ್ ಪ್ರಾಬ್ಲಂ ಇರಬೇಕು ಸರ್. ಚೆಕ್ ಮಾಡಿಸ್ತೀನಿ."

ಅವರು ಏನೂ ಅನ್ನಲಿಲ್ಲ. ಇನ್ನೆರಡು ಸಾಲು ಕೆಳಗೆ ಬಂದರು. ಹಳದಿ. ಅದರ ಮೂಲೆಯಲ್ಲಿ ಪುಟ್ಟ ಕೆಂಪು ತ್ರಿಕೋನ. ಮೌಸ್ ಅದರ ಮೇಲೆ ಹೋಯಿತು. ನಾನು ಕೈ ಚಾಚಬಹುದಿತ್ತು. ಚಾಚಲಿಲ್ಲ. ಚಾಚಿದ್ದರೆ ಇನ್ನೂ ನಾಚಿಕೆಗೇಡು. ಕಾಮೆಂಟ್ ತೆರೆದುಕೊಂಡಿತು. ಮೇಲೆ ನನ್ನ ಹೆಸರು, ಎಕ್ಸೆಲ್ ತಾನಾಗಿಯೇ ಹಾಕುತ್ತದಲ್ಲ. ಕೆಳಗೆ, "ಮೈಸೂರು?? ಲಾಂಚ್ ಆದ್ಮೇಲೆ ನೋಡು."

ಅವರು ಅದನ್ನು ಗಟ್ಟಿಯಾಗಿ ಓದಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಪಕ್ಕದಲ್ಲಿ ಹಾಡುಗಾರ ಹುಡುಗ ಬಗ್ಗಿ ನೋಡಿದ, ಓದಿದ, ಮತ್ತೆ ಹಿಂದಕ್ಕೆ ಒರಗಿದ. ಆಗ ಬಾಸ್ ಶುರು ಮಾಡಿದರು, "ಸರ್, ಇದು ಪ್ಯಾಷನ್‌ಗೋಸ್ಕರ ಮಾಡೋ ಕೆಲಸ, ನಮಗೂ ಇದರಲ್ಲಿ ಏನೂ ಉಳಿಯಲ್ಲ..." ಅಂಕಲ್ ಅವರನ್ನು ನೋಡದೆ ನನ್ನನ್ನೇ ಕೇಳಿದರು. "ಗುರುತು ಸಿಗದ ದುಡ್ಡು ಬಂದರೆ ನಾವು ಸಸ್ಪೆನ್ಸ್ ಅಕೌಂಟಿಗೆ ಹಾಕಿ ಇಡ್ತಿದ್ವಿ. ಇನ್ನೊಬ್ಬರ ಖಾತೆಗೆ ಹಾಕ್ತಿರಲಿಲ್ಲ. ನೀನು ಬಿ.ಕಾಂ. ಅಲ್ವೇನಮ್ಮಾ?"

ಹೌದು ಸರ್ ಅಂದೆ. ಅಷ್ಟು ಹೇಳುವುದಕ್ಕೇ ಗಂಟಲು ಕಟ್ಟಿತ್ತು.

ಕಾಗದದ ಮೇಲೆ ಕೂಡಿದರು. ಐದು ಕ್ವಾರ್ಟರ್‌ಗೆ 14,260. ಅದರ 70 ಪರ್ಸೆಂಟ್, 9,982 ರೂಪಾಯಿ. ಬಾಸ್ ಅಲ್ಲೇ ಚೆಕ್ ಬರೆದರು. ಪಾಸೂ ಆಯಿತು.

ಆದರೆ ಮೆಟ್ಟಿಲಿಳಿಯುವಾಗ ಹಾಡುಗಾರ ನಿಂತು ಹೇಳಿದ ಮಾತಿಗೆ ಚೆಕ್ ಬರೆಯಲು ಆಗುವಂತಿರಲಿಲ್ಲ. "ಅಕ್ಕಾ, ದುಡ್ಡು ಬಿಡಿ. ನಾವು ಸೊನ್ನೆ ನೋಡಿ ಯಾರೂ ಕೇಳ್ತಾನೇ ಇಲ್ಲ ಅನ್ಕೊಂಡ್ವಿ." ಅವರ ಗಿಟಾರಿಸ್ಟ್ ಅಷ್ಟರಲ್ಲಾಗಲೇ ಪುಣೆಯಲ್ಲಿ ಕೆಲಸಕ್ಕೆ ಸೇರಿದ್ದ. ಎರಡನೇ ಆಲ್ಬಮ್‌ಗೆ ಬರೆದಿಟ್ಟ ಹಾಡುಗಳು ಹಾಗೇ ಉಳಿದಿದ್ದವು. ಯಾರೋ ಕೇಳುತ್ತಿದ್ದರು. ಮತ್ತೆ ಮತ್ತೆ ಕೇಳುತ್ತಿದ್ದರು. ಅದು ನನ್ನ ಶೀಟಿನಲ್ಲಿ ಸಾಲು ಸಾಲಾಗಿ ಇತ್ತು. ಅವರಿಗೆ ತಲುಪಿಸುವುದೊಂದೇ ನನ್ನ ಕೆಲಸ.

ಲೇಬಲ್ ಅದೇ ವರ್ಷದ ಕೊನೆಗೆ ಮುಚ್ಚಿತು. ಪೈರಸಿಯಿಂದ, ಮಾಲ್‌ಗಳಿಂದ, ಸಿನಿಮಾ ಹಾಡುಗಳ ಎದುರು ಯಾರೂ ನಿಲ್ಲಲು ಆಗದ್ದರಿಂದ ಅಂತ ಬಾಸ್ ಎಲ್ಲರಿಗೂ ಹೇಳಿದರು. ಅದೆಲ್ಲ ಸುಳ್ಳಲ್ಲ. ಆದರೆ ನಮ್ಮ ಬ್ಯಾಂಡುಗಳು ಒಂದೊಂದಾಗಿ ಬಿಟ್ಟುಹೋಗಿದ್ದು ಪೈರಸಿಯಿಂದಲ್ಲ. ದಾವಣಗೆರೆಯ ಹುಡುಗ ನಾಲ್ಕನೇ ಆಲ್ಬಮ್‌ಗೆ ಪ್ರೀ-ಆರ್ಡರ್ ಮಾಡದೆ ಇದ್ದದ್ದು ಮಾಲ್‌ಗಳಿಂದಲ್ಲ. ಸಂಬಳ ಎರಡು ತಿಂಗಳದ್ದು ನನಗೂ ಬರಲಿಲ್ಲ. ಅದನ್ನು ನಾನೂ ಕೇಳಲು ಹೋಗಲಿಲ್ಲ. ಅದರ ಬದಲು ಮಾರಾಟವಾಗದ ಸಿಡಿಗಳ ಎರಡು ಡಬ್ಬ ಮನೆಗೆ ತಂದೆ. ಅಮ್ಮ ಅದನ್ನು ಮಂಚದ ಕೆಳಗೆ ತಳ್ಳಿ, ಅದರ ಮೇಲೆ ಹಪ್ಪಳದ ಡಬ್ಬ ಇಟ್ಟಳು.

ಈಗ ನಾನು ಪೇರೋಲ್ ಕಂಪನಿಯೊಂದರಲ್ಲಿ ಲೆಕ್ಕ ತಾಳೆ ನೋಡುವ ರಿಕನ್ಸಿಲಿಯೇಶನ್ ಟೀಮಿನಲ್ಲಿದ್ದೇನೆ. ಸಸ್ಪೆನ್ಸ್ ಅಕೌಂಟ್ ಪ್ರತಿ ಶುಕ್ರವಾರ ಖಾಲಿ ಆಗಬೇಕು ಅಂತ ಹಟ ಮಾಡುವ ಮೇಡಂ ನಾನೇ. ಹಳದಿ ಬಣ್ಣ ಕಂಡರೆ ಹಾಕಿದವರ ಡೆಸ್ಕಿಗೆ ಹೋಗಿ ನಿಲ್ಲುತ್ತೇನೆ. ಹಿಂದಿನಿಂದ ಏನು ಅನ್ನುತ್ತಾರೋ ಅನ್ನಲಿ.

ಹೋದ ತಿಂಗಳು ಮೈಸೂರಿನಿಂದ ಫೋನ್ ಬಂತು. ಅದೇ ಹಾಡುಗಾರ. ಈಗ ಮಗಳು ಸ್ಕೂಲಿಗೆ ಹೋಗುತ್ತಾಳಂತೆ. ಅಗ್ರಿಗೇಟರ್‌ನ ವಾರ್ಷಿಕ ಫೀ ನಾವು ಕಟ್ಟದೆ ಅವರ ಆಲ್ಬಮ್ ಎಲ್ಲ ಕಡೆಯಿಂದ ಇಳಿದುಹೋಗಿ ವರ್ಷಗಳಾಗಿವೆ. 2019ರಲ್ಲಿ ಸ್ಪಾಟಿಫೈ ಭಾರತಕ್ಕೆ ಬರುವ ಹೊತ್ತಿಗೆ ಅದು ಎಲ್ಲೂ ಇರಲಿಲ್ಲ. ತಾವೇ ಹಾಕೋಣ ಅಂತ ಈಗ ಮನಸ್ಸು ಮಾಡಿದ್ದಾರೆ. ಆದರೆ ಹಾಡುಗಳ ಮೂಲ ವೇವ್ ಫೈಲ್ ಯಾರ ಹತ್ತಿರವೂ ಇಲ್ಲ. ಅವರ ಸ್ಟುಡಿಯೋ ಕಂಪ್ಯೂಟರ್ ಸತ್ತಿದೆ. ನಮ್ಮ ಹಾರ್ಡ್ ಡಿಸ್ಕ್ ಎಲ್ಲಿದೆಯೋ ಬಾಸ್‌ಗೇ ಗೊತ್ತಿಲ್ಲ.

"ಸಿಡಿ ಏನಾದ್ರೂ ಇದ್ಯಾ ಅಕ್ಕಾ?"

ಹಪ್ಪಳದ ಡಬ್ಬ ಇಳಿಸಿದೆ. ನಲವತ್ತೊಂದು ಸಿಡಿ, ಪ್ಲಾಸ್ಟಿಕ್ ಕೂಡ ಬಿಚ್ಚಿಲ್ಲ. ನನ್ನ ಲ್ಯಾಪ್‌ಟಾಪಿಗೆ ಸಿಡಿ ಡ್ರೈವ್ ಇಲ್ಲ. ಎಸ್.ಪಿ. ರೋಡಿಗೆ ಹೋಗಿ ಒಂದು ಎಕ್ಸ್‌ಟರ್ನಲ್ ಡ್ರೈವ್ ತಂದು, ಎಂಟೂ ಹಾಡು ಸಿಡಿಯಿಂದ ಕಂಪ್ಯೂಟರ್‌ಗೆ ಇಳಿಸಿ, ಒಂದೊಂದನ್ನೂ ಪೂರ್ತಿ ಕೇಳಿ, ಕಳಿಸಿದೆ. ರಾತ್ರಿ ಅವನ ಮೆಸೇಜ್ ಬಂತು.

"ಬಂತು ಅಕ್ಕಾ. ಫಾರ್ಮ್‌ನಲ್ಲಿ ಐಎಸ್‌ಆರ್‌ಸಿ ಕೇಳ್ತಿದೆ. ಹಳೇದೇ ಹಾಕ್ಲಾ?"

"ಬೇಡಪ್ಪಾ," ಅಂತ ಬರೆದೆ. "ಹೊಸದು ತಗೋ."